ಮಧುಮೇಹಿಯ ತಾಟಿನಲ್ಲಿ ಅನ್ನಕ್ಕೆ ಎಷ್ಟು ಸ್ಥಳ?

ಅನಗೋಳ, ವಡಗಾವಿ, ಶಹಾಪುರ, ಯಳ್ಳೂರು ಶಿವಾರಗಳ ಗದ್ದೆಗಳು ಬೆಳಗಾವಿ ಬಾಸುಮತಿಯ ಪರಿಮಳಕ್ಕೆ ಹೆಸರಾದವು. ಬಡಾವಣೆಗಳು ಬೆಳೆದಂತೆ ಗದ್ದೆಗಳು ಕಿರಿದಾದರೂ ಅಕ್ಕಿಯ ಮೇಲಿನ ನಮ್ಮ ಜನರ ಅಕ್ಕರೆ ಕಿರಿದಾಗಿಲ್ಲ. ಪಕ್ಕದ ಖಾನಾಪುರವಂತೂ ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆಸೀಮೆ; ಅಲ್ಲಿ ಭತ್ತವೇ ಪ್ರಧಾನ ಬೆಳೆ. ಸವದತ್ತಿ, ರಾಮದುರ್ಗಗಳ ಕಡೆ ಜೋಳದ ರೊಟ್ಟಿಯೇ ಊಟದ ತಿರುಳಾದರೆ, ನಮ್ಮ ಈ ಭಾಗದಲ್ಲಿ ರೊಟ್ಟಿ ಉಂಡ ಮೇಲೂ ಎರಡು ತುತ್ತು ಅನ್ನ ಬೀಳದೆ ಊಟ ಮುಗಿಯಿತೆಂದು ಅನ್ನಿಸುವುದಿಲ್ಲ. ಇಂಥ ಸೀಮೆಯಲ್ಲಿ ಮಧುಮೇಹವೆಂದು ತಿಳಿದ ಕೂಡಲೇ ರೋಗಿಗಳು ಕೇಳುವ ಮೊದಲ ಪ್ರಶ್ನೆ ಒಂದೇ: “ಇನ್ನು ಅನ್ನ ಬಿಟ್ಟೇ ಬಿಡಬೇಕೇನು?”

ಈ ಪ್ರಶ್ನೆಗೆ ಎರಡು ಬಗೆಯ ತಪ್ಪು ಉತ್ತರಗಳು ಸಮಾಜದಲ್ಲಿ ಓಡಾಡುತ್ತಿವೆ. ಅನ್ನವೆಂದರೆ ವಿಷವೇ ಸರಿ, ಒಂದು ಅಗುಳೂ ಕೂಡದು ಎನ್ನುವುದು ಒಂದು. ನಮ್ಮ ಹಿರಿಯರು ಮೂರು ಹೊತ್ತೂ ಅನ್ನ ಉಂಡು ನೂರು ವರ್ಷ ಬಾಳಿದರು, ನಮಗೇನಾಗುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದನ್ನು ನಂಬಿದವರು ನಾಲ್ಕು ದಿನ ಬಿಟ್ಟು ಐದನೆಯ ದಿನ ತಾಟು ತುಂಬ ಉಣ್ಣುತ್ತಾರೆ; ಕೆಲವರು ಅನ್ನವನ್ನು ಬಿಟ್ಟು ಔಷಧವನ್ನು ಹಿಂದಿನ ಪ್ರಮಾಣದಲ್ಲಿಯೇ ಮುಂದುವರಿಸಿ ಅಪಾಯ ತಂದುಕೊಳ್ಳುತ್ತಾರೆ. ಎರಡನೆಯದನ್ನು ನಂಬಿದವರ ಕಣ್ಣು, ಮೂತ್ರಪಿಂಡ, ಪಾದದ ನರಗಳು ಸದ್ದಿಲ್ಲದೆ ಕೆಡುತ್ತ ಹೋಗುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ, ಅಂದರೆ ವಯಸ್ಕರಲ್ಲಿ ಶೇಕಡಾ 11.4ರಷ್ಟು ಜನರಿಗೆ ಮಧುಮೇಹವಿದೆ. ಆದ್ದರಿಂದ ಅನ್ನದ ಪ್ರಶ್ನೆಯನ್ನು ಭಯದಿಂದಲೂ ಅಲ್ಲ, ಹಟದಿಂದಲೂ ಅಲ್ಲ, ತಿಳಿವಳಿಕೆಯಿಂದ ನೋಡುವುದು ಅಗತ್ಯವಾಗಿದೆ.

ಆಯುರ್ವೇದದ ದೃಷ್ಟಿ

ಆಯುರ್ವೇದವು ಪ್ರಮೇಹವನ್ನು 20 ಬಗೆಯಾಗಿ ವಿಂಗಡಿಸಿದೆ: ಕಫದಿಂದ 10, ಪಿತ್ತದಿಂದ 6, ವಾತದಿಂದ 4. ಮಧುಮೇಹವು ವಾತಜ ಪ್ರಮೇಹಗಳಲ್ಲಿ ಒಂದು. ಚರಕ ಸಂಹಿತೆಯ ನಿದಾನಸ್ಥಾನದ ನಾಲ್ಕನೆಯ ಅಧ್ಯಾಯವು ಪ್ರಮೇಹದ ಕಾರಣಗಳನ್ನು ಹೇಳುವಾಗ ಹಲವು ಬಗೆಯ ಧಾನ್ಯಗಳ ಹೆಸರುಗಳನ್ನು ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿ ‘ಸುಗಂಧಕ’ವೆಂಬ ಸುವಾಸನೆಯ ಅಕ್ಕಿಯೂ ಇದೆ ಎಂಬುದು ಬಾಸುಮತಿಯ ಸೀಮೆಯವರಾದ ನಾವು ಗಮನಿಸತಕ್ಕ ಸಂಗತಿ. ಆದರೆ ಶಾಸ್ತ್ರಕಾರರು ಆ ಧಾನ್ಯಗಳನ್ನು ಸುಮ್ಮನೆ ದೂಷಿಸಲಿಲ್ಲ. ಅವು ಹೊಸವಾಗಿರುವಾಗ, ಮೇಲಿಂದ ಮೇಲೆ, ಅತಿಯಾದ ಪ್ರಮಾಣದಲ್ಲಿ ಸೇವಿಸುವುದನ್ನು ಕಾರಣವೆಂದರು. ಜೊತೆಗೆ ಕುಳಿತಲ್ಲೇ ಕುಳಿತಿರುವ ಸುಖ, ಅತಿನಿದ್ರೆ, ಮೊಸರು, ಬೆಲ್ಲದ ಪದಾರ್ಥಗಳು ಇವನ್ನೂ ಹೇಳಿದರು. ಚಿಕಿತ್ಸಾಸ್ಥಾನಕ್ಕೆ ಬಂದಾಗ ಪ್ರಮೇಹಿಗೆ ಜವೆಗೋಧಿಯನ್ನು ಮುಖ್ಯ ಆಹಾರವಾಗಿ ವಿಧಿಸಿ, ಹಳೆಯ ಅಕ್ಕಿಯ ಅನ್ನವನ್ನು ಹೆಸರುಕಾಳಿನ ಕಟ್ಟು ಮತ್ತು ಕಹಿರಸದ ಸೊಪ್ಪು ತರಕಾರಿಗಳೊಡನೆ ಸೇವಿಸಲು ಅನುಮತಿಸಿದರು.

ಇದರಿಂದ ತಿಳಿಯುವುದು ಇಷ್ಟು. ಶಾಸ್ತ್ರವು ಅನ್ನವನ್ನು ನಿಷೇಧಿಸಲಿಲ್ಲ. ಯಾವ ಅಕ್ಕಿ, ಎಷ್ಟು, ಯಾವುದರೊಡನೆ ಎಂಬ ಮೂರು ಷರತ್ತುಗಳನ್ನು ವಿಧಿಸಿತು. ಇಂದಿನ ಸಂಶೋಧನೆಗಳು ಹೇಳುತ್ತಿರುವುದೂ ಬಹುಮಟ್ಟಿಗೆ ಈ ಮೂರನ್ನೇ.

ಅನ್ನ ಉಂಡ ಮೇಲೆ ನಡೆಯುವುದೇನು?

ಅಕ್ಕಿಯ ಬಹುಭಾಗ ಪಿಷ್ಟ. ಬೆಂದ 100 ಗ್ರಾಂ ಬಿಳಿ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟವಿರುತ್ತದೆ. ಈ ಪಿಷ್ಟವು ಗ್ಲೂಕೋಸಿನ ಸರಪಳಿ. ಕರುಳಿನಲ್ಲಿ ಸರಪಳಿ ಬಿಡಿಬಿಡಿಯಾಗಿ ರಕ್ತ ಸೇರುತ್ತದೆ. ಆರೋಗ್ಯವಂತರಲ್ಲಿ ಮೇದೋಜೀರಕ ಗ್ರಂಥಿಯು ತಕ್ಕಷ್ಟು ಇನ್ಸುಲಿನ್ ಸುರಿಸಿ ಆ ಗ್ಲೂಕೋಸನ್ನು ಸ್ನಾಯು, ಯಕೃತ್ತುಗಳಿಗೆ ತಲುಪಿಸುತ್ತದೆ. ಮಧುಮೇಹಿಯಲ್ಲಿ ಇನ್ಸುಲಿನ್ ಸಾಲದು, ಇಲ್ಲವೆ ಇದ್ದರೂ ಕೆಲಸ ಮಾಡದು. ಆದ್ದರಿಂದ ಅವರಿಗೆ ಅನ್ನದಲ್ಲಿ ಎಷ್ಟು ಪಿಷ್ಟವಿದೆ ಎಂಬುದು ಎಷ್ಟು ಮುಖ್ಯವೋ, ಅದು ಎಷ್ಟು ವೇಗವಾಗಿ ರಕ್ತಕ್ಕೆ ಇಳಿಯುತ್ತದೆ ಎಂಬುದೂ ಅಷ್ಟೇ ಮುಖ್ಯ.

ವೇಗವನ್ನು ನಿರ್ಧರಿಸುವ ಸಂಗತಿಗಳು ಹಲವು. ಪಿಷ್ಟದಲ್ಲಿ ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್ ಎಂದು ಎರಡು ಬಗೆ. ಅಮೈಲೋಸ್ ಹೆಚ್ಚಿರುವ ಅಕ್ಕಿ ಉದುರುದುರಾಗಿ ಬೇಯುತ್ತದೆ, ನಿಧಾನವಾಗಿ ಜೀರ್ಣವಾಗುತ್ತದೆ. ಅದು ಕಡಿಮೆಯಿರುವ ಅಕ್ಕಿ ಮೆತ್ತಗೆ ಅಂಟಂಟಾಗಿ ಬೇಯುತ್ತದೆ, ಬೇಗ ಜೀರ್ಣವಾಗುತ್ತದೆ. ಅನ್ನವನ್ನು ಹೆಚ್ಚು ಬೇಯಿಸಿದಷ್ಟೂ, ಹಿಚುಕಿದಷ್ಟೂ ವೇಗ ಹೆಚ್ಚುತ್ತದೆ. ಜ್ವರ ಬಂದವರಿಗೆ ಹಿತವಾದ ಗಂಜಿಯು ಮಧುಮೇಹಿಯ ನಿತ್ಯದ ಊಟಕ್ಕೆ ಹಿತವಲ್ಲದಿರುವುದು ಈ ಕಾರಣದಿಂದಲೇ.

ಅಕ್ಕಿ ಅಕ್ಕಿಗೂ ಭೇದ

ನಮ್ಮ ಭಾಗದಲ್ಲಿ ಇಂದ್ರಾಯಣಿ, ಅಂಬೆಮೋಹರಗಳಿಗೆ ಬೇಡಿಕೆ ಹೆಚ್ಚು. ಪರಿಮಳವೂ ಇದೆ, ಮೆದುವೂ ಆಗುತ್ತವೆ. ಆದರೆ ಮೇಲೆ ಹೇಳಿದ ನಿಯಮದಂತೆ ಮೆತ್ತಗೆ ಅಂಟುವ ಅನ್ನ ಮಧುಮೇಹಿಗೆ ಅಷ್ಟಾಗಿ ಅನುಕೂಲವಲ್ಲ. ಸುಗ್ಗಿ ಮುಗಿದ ಹೊಸದರಲ್ಲಿ ಬರುವ ಹೊಸ ಅಕ್ಕಿ ಇನ್ನೂ ಹೆಚ್ಚು ಅಂಟುತ್ತದೆ. ವರ್ಷ ಕಳೆದ ಅಕ್ಕಿ ಹೆಚ್ಚು ನೀರು ಹೀರಿ, ಹಿಗ್ಗಿ, ಬಿಡಿಬಿಡಿಯಾಗಿ ಬೇಯುತ್ತದೆ. ಹಳೆಯ ಅಕ್ಕಿಯನ್ನೇ ಬಳಸಬೇಕೆಂಬ ಶಾಸ್ತ್ರದ ಮಾತನ್ನು ಮನೆಯ ಹೆಣ್ಣುಮಕ್ಕಳು ಒಲೆಯ ಮುಂದೆ ನಿಂತು ಪರೀಕ್ಷಿಸಬಹುದು.

ಹೊಟ್ಟಿನ ಪದರ ಉಳಿಸಿಕೊಂಡ ಕೆಂಪಕ್ಕಿ, ಪಾಲಿಶ್ ಮಾಡದ ಕಂದು ಅಕ್ಕಿ ಹಾಗೂ ಕುಚ್ಚಲಕ್ಕಿ ಇವು ಸಾಮಾನ್ಯವಾಗಿ ಬಿಳಿಯ ಅಕ್ಕಿಗಿಂತ ಮೇಲು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಂತೆ ದಿನಕ್ಕೆ 50 ಗ್ರಾಂ ಬಿಳಿ ಅಕ್ಕಿಯ ಬದಲು ಅಷ್ಟೇ ಕಂದು ಅಕ್ಕಿ ಬಳಸುವವರಲ್ಲಿ ಮಧುಮೇಹ ಬರುವ ಸಂಭವ ಶೇಕಡಾ 16ರಷ್ಟು ಕಡಿಮೆ. ಆದರೆ ಕಂದು ಅಕ್ಕಿಯಲ್ಲಿಯೂ ಪಿಷ್ಟದ ಮೊತ್ತ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ‘ಇದು ಕೆಂಪಕ್ಕಿ, ಎಷ್ಟು ಉಂಡರೂ ನಡೆಯುತ್ತದೆ’ ಎಂಬ ಮಾತು ಸಲ್ಲದು. ‘ಶುಗರ್ ಫ್ರೀ ಅಕ್ಕಿ’ ಎಂದು ಮಾರಾಟವಾಗುವ ಚೀಲಗಳ ವಿಷಯದಲ್ಲಿಯೂ ಇದೇ ಮಾತು. ಪಿಷ್ಟವಿಲ್ಲದ ಅಕ್ಕಿ ಎಂಬುದು ಇಲ್ಲ. ಗಂಜಿ ಬಸಿದರೆ ಸಕ್ಕರೆಯೆಲ್ಲ ಹೋಗುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯವೇ. ಬಸಿದ ನೀರಿನಲ್ಲಿ ಪಿಷ್ಟದ ಸ್ವಲ್ಪ ಭಾಗ ಮಾತ್ರ ಹೋಗುತ್ತದೆ, ಉಳಿದದ್ದೆಲ್ಲ ಅಗುಳಿನಲ್ಲಿಯೇ ಇರುತ್ತದೆ.

ಬೆಂಗಳೂರು, ಪುಣೆಗಳಲ್ಲಿ, ಹೊರದೇಶಗಳಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿಬಂದ ಹಿರಿಯರು ಈಚೆಗೆ ‘ಸುಶಿ’ ಎಂಬ ಜಪಾನಿ ತಿನಿಸಿನ ಬಗೆಗೂ ಕೇಳುತ್ತಾರೆ. ಸೌತೆಕಾಯಿ, ಬೆಣ್ಣೆಹಣ್ಣು ಇಟ್ಟು ಮಾಡಿದ ಸಸ್ಯಾಹಾರಿ ಸುಶಿಯೂ ದೊರೆಯುವುದರಿಂದ, ತರಕಾರಿಯ ತಿನಿಸಲ್ಲವೇ, ತಿಂದರೇನು ಎಂಬುದು ಅವರ ಸಂಶಯ. ಸುಶಿಗೆ ಬಳಸುವುದು ಅಂಟುವ ಅಕ್ಕಿಯನ್ನೇ. ಅಂಟದಿದ್ದರೆ ಸುರುಳಿ ನಿಲ್ಲುವುದಿಲ್ಲ. ಆ ಅನ್ನಕ್ಕೆ ಹುಳಿರಸದೊಡನೆ ಸಕ್ಕರೆ, ಉಪ್ಪುಗಳನ್ನೂ ಬೆರೆಸುತ್ತಾರೆ. ಹುಳಿರಸವು ಜಠರದಿಂದ ಅನ್ನ ಮುಂದೆ ಸಾಗುವುದನ್ನು ತುಸು ನಿಧಾನಗೊಳಿಸುವುದು ನಿಜ, ಆದರೆ ಅದು ಅನ್ನದ ಮೊತ್ತವನ್ನು ಕಡಿಮೆ ಮಾಡದು. ಒಂದು ಸುರುಳಿಯ ಆರೆಂಟು ತುಂಡುಗಳೆಂದರೆ ಹೆಚ್ಚು ಕಡಿಮೆ ಒಂದು ಹೊತ್ತಿನ ಅನ್ನವೆಂದೇ ತಿಳಿಯತಕ್ಕದ್ದು. ಅದನ್ನು ತಿಂದ ಹೊತ್ತಿಗೆ ಬೇರೆ ಅನ್ನ, ರೊಟ್ಟಿ ಬೇಡ. ನಮ್ಮ ಅವಲಕ್ಕಿ, ಇಡ್ಲಿ, ದೋಸೆ, ಚುರುಮುರಿಗಳಿಗೂ ಇದೇ ನಿಯಮ. ಸಂಜೆ ಬುಟ್ಟಿ ತುಂಬ ಚುರುಮುರಿ ತಿಂದು, ‘ಅನ್ನವನ್ನು ಮುಟ್ಟಿಲ್ಲ’ ಎನ್ನುವವರಿದ್ದಾರೆ. ಚುರುಮುರಿ ಹಗುರವಾಗಿ ಕಂಡರೂ ಅಕ್ಕಿಯೇ. ಅರಳಿದ್ದರಿಂದ ಅದು ಅನ್ನಕ್ಕಿಂತಲೂ ಬೇಗ ಜೀರ್ಣವಾಗುತ್ತದೆ.

ಅಳತೆಯೇ ಮೊದಲ ಪಥ್ಯ

ಭಾರತವೂ ಸೇರಿ 21 ದೇಶಗಳ 1.3 ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ದಿನಕ್ಕೆ 450 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬೆಂದ ಬಿಳಿ ಅನ್ನ ಉಣ್ಣುವವರಲ್ಲಿ, 150 ಗ್ರಾಂಗಿಂತ ಕಡಿಮೆ ಉಣ್ಣುವವರಿಗಿಂತ, ಮಧುಮೇಹದ ಸಂಭವ ಹೆಚ್ಚೆಂದು ಅದು ಕಂಡಿತು. ಈ ಹೆಚ್ಚಳವು ದಕ್ಷಿಣ ಏಷ್ಯಾದಲ್ಲಿಯೇ ಅತ್ಯಧಿಕ, ಶೇಕಡಾ 61. ಇದು ರೋಗ ಬರುವ ಮೊದಲಿನ ಲೆಕ್ಕ. ರೋಗ ಬಂದವರಿಗೆ ಅಳತೆ ಇನ್ನೂ ಬಿಗಿಯಾಗಿರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ನಾವು ರೋಗಿಗಳಿಗೆ ಮೊದಲು ಹೇಳುವುದು ಮನೆಯಲ್ಲಿ ಒಂದು ವಾಟಿಯನ್ನು ಗೊತ್ತುಮಾಡಿಕೊಳ್ಳಿರಿ ಎಂದು. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿಯೋ, ಕಿರಾಣಿ ಅಂಗಡಿಯಲ್ಲಿಯೋ ಒಮ್ಮೆ 100 ಗ್ರಾಂ ಬೆಂದ ಅನ್ನ ತೂಗಿಸಿ, ಅದು ಆ ವಾಟಿಯಲ್ಲಿ ಎಲ್ಲಿಯವರೆಗೆ ಬರುತ್ತದೆಂದು ಗುರುತು ಇಟ್ಟುಕೊಳ್ಳತಕ್ಕದ್ದು. ಬಹುಪಾಲು ಜನರಿಗೆ ಒಂದು ಹೊತ್ತಿಗೆ 100ರಿಂದ 150 ಗ್ರಾಂ ಅನ್ನ, ಅದೂ ದಿನದಲ್ಲಿ ಒಂದೇ ಹೊತ್ತು ಎಂಬುದು ಆರಂಭಕ್ಕೆ ಯೋಗ್ಯವಾದ ಅಳತೆ. ಕಣ್ಣಳತೆಯನ್ನು ನಂಬಲಾಗದು. ದೊಡ್ಡ ತಾಟಿನಲ್ಲಿ ಎರಡು ವಾಟಿ ಅನ್ನವೂ ಸ್ವಲ್ಪವೆಂದೇ ಕಾಣುತ್ತದೆ.

ಇಲ್ಲಿ ರೊಟ್ಟಿಯ ಲೆಕ್ಕವನ್ನೂ ಹೇಳಬೇಕು. ಅನ್ನ ಬಿಟ್ಟೆವೆಂಬ ಸಮಾಧಾನದಲ್ಲಿ ನಾಲ್ಕು ಜೋಳದ ರೊಟ್ಟಿ ತಿನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಪಿಷ್ಟವಿರುತ್ತದೆ. ಅಂದರೆ ಅದು 100 ಗ್ರಾಂ ಅನ್ನಕ್ಕಿಂತ ತುಸು ಹೆಚ್ಚೇ. ಜೋಳದಲ್ಲಿ ನಾರಿನಂಶ ಅಧಿಕ, ಅಗಿಯುವ ಶ್ರಮವೂ ಅಧಿಕ. ಹಾಗಾಗಿ ಅದು ಬಿಳಿ ಅನ್ನಕ್ಕಿಂತ ಮೇಲು. ಆದರೂ ಲೆಕ್ಕದಿಂದ ಹೊರಗಲ್ಲ. ಒಂದು ರೊಟ್ಟಿ ಮತ್ತು ಒಂದು ಸಣ್ಣ ವಾಟಿ ಅನ್ನ, ಅಥವಾ ಅನ್ನವಿಲ್ಲದೆ ಎರಡು ರೊಟ್ಟಿ ಎಂಬುದು ಹಲವರಿಗೆ ಹೊಂದುವ ಕ್ರಮ. ನವಣೆ, ಸಾವೆಗಳ ಅನ್ನವನ್ನೂ ಇದೇ ಅಳತೆಯಲ್ಲಿ ಸೇವಿಸತಕ್ಕದ್ದು.

ಉಣ್ಣುವ ಕ್ರಮ

ತಾಟಿನ ಅರ್ಧ ಭಾಗವನ್ನು ಪಲ್ಯ, ಸೊಪ್ಪು, ಸೌತೆಕಾಯಿ, ಮೂಲಂಗಿ, ಕೋಸಂಬರಿಗಳಿಗೆ ಬಿಡಿರಿ. ಕಾಲು ಭಾಗ ಕಾಳು ಬೇಳೆಗಳಿಗೆ: ಹೆಸರುಕಾಳು, ಮಡಕಿಕಾಳು, ಕಡಲೆ, ಝುಣಕ. ಉಳಿದ ಕಾಲು ಭಾಗ ಮಾತ್ರ ಅನ್ನಕ್ಕೆ ಅಥವಾ ರೊಟ್ಟಿಗೆ. ಆಲೂಗಡ್ಡೆ ಪಲ್ಯವನ್ನು ಪಲ್ಯದ ಲೆಕ್ಕದಲ್ಲಿ ಹಿಡಿಯದೆ ಅನ್ನದ ಲೆಕ್ಕದಲ್ಲಿ ಹಿಡಿಯಬೇಕು.

ಇದಕ್ಕಿಂತಲೂ ಸುಲಭವಾದ, ಖರ್ಚಿಲ್ಲದ ಉಪಾಯವೊಂದಿದೆ. ಅದು ತುತ್ತಿನ ಕ್ರಮ. ಮೊದಲು ಕೋಸಂಬರಿ ಪಲ್ಯಗಳನ್ನು, ಬಳಿಕ ಕಾಳನ್ನು, ಕೊನೆಗೆ ಅನ್ನವನ್ನು ಉಣ್ಣುವುದು. ನ್ಯೂಯಾರ್ಕಿನ ವೈದ್ಯರು 2015ರಲ್ಲಿ 11 ಮಧುಮೇಹಿಗಳ ಮೇಲೆ ನಡೆಸಿದ ಸಣ್ಣ ಪ್ರಯೋಗದಲ್ಲಿ ಅದೇ ಊಟವನ್ನು ಎರಡು ಕ್ರಮಗಳಲ್ಲಿ ಬಡಿಸಲಾಯಿತು. ತರಕಾರಿ ಮತ್ತು ಪ್ರೋಟೀನ್ ಮೊದಲು ತಿಂದ ದಿನ, ಒಂದು ಗಂಟೆಯ ನಂತರದ ರಕ್ತದ ಸಕ್ಕರೆ ಶೇಕಡಾ 37ರಷ್ಟು ಕಡಿಮೆಯಿತ್ತು. ಜಪಾನಿನ ಸಂಶೋಧಕರೂ ಇಂಥ ಫಲವನ್ನೇ ಕಂಡಿದ್ದಾರೆ. ನಮ್ಮ ಉತ್ತರ ಕರ್ನಾಟಕದ ಪಂಕ್ತಿಯಲ್ಲಿ ಪಲ್ಯ, ಕೋಸಂಬರಿ, ರೊಟ್ಟಿಗಳು ಮುಂಚೆ, ಅನ್ನ ಕೊನೆಗೆ ಬರುವ ಪದ್ಧತಿ ಮೊದಲಿನಿಂದಲೂ ಇದೆ. ಹಸಿವೆಯ ಅವಸರದಲ್ಲಿ ನಾವು ಅದನ್ನು ತಲೆಕೆಳಗು ಮಾಡದಿದ್ದರೆ ಸಾಕು.

ಉಂಡ ಮೇಲೆ ಕೂಡಲೇ ಮಲಗದೆ 10 ನಿಮಿಷ ನಡೆಯಿರಿ. ನ್ಯೂಜಿಲೆಂಡಿನಲ್ಲಿ ಮಧುಮೇಹಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನದಲ್ಲಿ ಒಮ್ಮೆ 30 ನಿಮಿಷ ನಡೆಯುವುದಕ್ಕಿಂತ ಪ್ರತಿ ಊಟದ ನಂತರ 10 ನಿಮಿಷ ನಡೆದವರಲ್ಲಿ ಊಟೋತ್ತರ ಸಕ್ಕರೆ ಸರಾಸರಿ ಶೇಕಡಾ 12ರಷ್ಟು ಕಡಿಮೆ, ರಾತ್ರಿಯ ಊಟದ ಬಳಿಕವಂತೂ ಶೇಕಡಾ 22ರಷ್ಟು ಕಡಿಮೆ ಕಂಡಿತು. ಓಣಿಯಲ್ಲಿ ಎರಡು ಸುತ್ತು ಹಾಕಿದರೂ ಈ ಲಾಭ ದೊರೆಯುತ್ತದೆ.

ತಂಗಳನ್ನದ ಬಗೆಗೂ ಒಂದು ಮಾತು. ಬೇಯಿಸಿ ತಣಿಸಿದ ಅನ್ನದಲ್ಲಿ ಸುಲಭವಾಗಿ ಜೀರ್ಣವಾಗದ ಪಿಷ್ಟ ತುಸು ಹೆಚ್ಚುತ್ತದೆ ಎಂಬುದು ನಿಜ. ಆದರೆ ಆ ಲಾಭ ಸಣ್ಣದು. ಹೊರಗೆ ಇಟ್ಟ ಅನ್ನದಲ್ಲಿ ವಾಂತಿ ಭೇದಿ ತರುವ ರೋಗಾಣುಗಳು ಬೆಳೆಯುತ್ತವೆ. ಅವು ಉಂಟುಮಾಡಿದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿನಲ್ಲಿಟ್ಟು ಮರುದಿನವೇ ಬಳಸುವುದು ಕ್ಷೇಮ.

ನಿಮ್ಮ ದೇಹವನ್ನೇ ಕೇಳಿರಿ

ಒಂದೇ ಅಳತೆಯ ಅನ್ನ ಇಬ್ಬರಲ್ಲಿ ಒಂದೇ ಬಗೆಯಾಗಿ ಸಕ್ಕರೆ ಏರಿಸುವುದಿಲ್ಲ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದವರು ಒಂದು ದಿನ ಊಟದ ಮೊದಲು ಪರೀಕ್ಷಿಸಿ, ಅಳೆದ ಒಂದು ವಾಟಿ ಅನ್ನದ ಊಟ ಮಾಡಿ, ಮೊದಲ ತುತ್ತಿನಿಂದ ಎರಡು ಗಂಟೆಗೆ ಮತ್ತೆ ಪರೀಕ್ಷಿಸಿ ಬರೆದಿಡಿರಿ. ಇನ್ನೊಂದು ದಿನ ಅದೇ ಪಲ್ಯ ಕಾಳುಗಳೊಡನೆ ರೊಟ್ಟಿ ಉಂಡು ನೋಡಿರಿ. ಸಾಮಾನ್ಯವಾಗಿ ಊಟದ ನಂತರದ ಸಂಖ್ಯೆ 180ರೊಳಗೆ ಇರಬೇಕೆಂಬುದು ಗುರಿ; ವೃದ್ಧರಿಗೆ, ಗರ್ಭಿಣಿಯರಿಗೆ ಗುರಿ ಬೇರೆಯಿರುತ್ತದೆ, ಅದನ್ನು ವೈದ್ಯರೇ ಹೇಳಬೇಕು. ಸಂಖ್ಯೆ ಮೀರಿದರೆ ಅನ್ನವನ್ನು ಅರ್ಧಕ್ಕೆ ಇಳಿಸಿ ಮತ್ತೆ ನೋಡಿರಿ. ಹೀಗೆ ನಾಲ್ಕಾರು ದಿನಗಳ ಬರಹ ಕೈಯಲ್ಲಿದ್ದರೆ ವೈದ್ಯರಿಗೂ ಔಷಧ ಹೊಂದಿಸಲು ಅನುಕೂಲವಾಗುತ್ತದೆ.

ಔಷಧ ಮತ್ತು ಅನ್ನ: ಎಚ್ಚರಿಕೆಯ ಮಾತು

ಅನ್ನವನ್ನು ಒಮ್ಮೆಲೇ ಬಿಡುವುದು ಯಾರಿಗೆ ಅಪಾಯವೆಂಬುದನ್ನು ಸ್ಪಷ್ಟವಾಗಿ ಹೇಳುತ್ತೇವೆ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆ ಸೇವಿಸುವವರು ಊಟ ಕಡಿಮೆ ಮಾಡಿ ಔಷಧವನ್ನು ಹಾಗೆಯೇ ಮುಂದುವರಿಸಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ಕೈನಡುಕ, ಎದೆಬಡಿತ, ತಡೆಯಲಾರದ ಹಸಿವು, ಮಾತು ತೊದಲುವುದು, ಮಂಕು ಕವಿಯುವುದು ಅದರ ಲಕ್ಷಣಗಳು. ಆಗ ಮೂರು ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಮತ್ತೊಮ್ಮೆ ಕುಡಿಸಬೇಕು. ಅಕಾರ್ಬೋಸ್ ಅಥವಾ ವೊಗ್ಲಿಬೋಸ್ ಮಾತ್ರೆಯನ್ನೂ ಸೇವಿಸುವವರಿಗೆ ಸಕ್ಕರೆ, ಬೆಲ್ಲಗಳು ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸೇ ಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಡಾಪಾಗ್ಲಿಫ್ಲೋಜಿನ್ ವರ್ಗದ ಮಾತ್ರೆ ಸೇವಿಸುವವರು ಅನ್ನ ರೊಟ್ಟಿ ಎರಡನ್ನೂ ಬಿಟ್ಟರೆ ರಕ್ತದಲ್ಲಿ ಆಮ್ಲ ಏರುವ ಬೇರೊಂದು ಅಪಾಯವಿದೆ. ಆದ್ದರಿಂದ ಆಹಾರ ಬದಲಿಸುವ ಮೊದಲೇ ವೈದ್ಯರಿಗೆ ತಿಳಿಸಿರಿ.

ನಾವು ಆಯುರ್ವೇದದವರು. ಅರಿಶಿಣ ನೆಲ್ಲಿಕಾಯಿಗಳ ಯೋಗವನ್ನು, ಮೆಂತ್ಯ, ಹಾಗಲಕಾಯಿಗಳನ್ನು ಪಥ್ಯದೊಡನೆ ಸೂಚಿಸುತ್ತೇವೆ. ಆದರೆ ಕಷಾಯ ಆರಂಭಿಸಿದೆನೆಂದು ಇನ್ಸುಲಿನ್ ನಿಲ್ಲಿಸುವುದನ್ನು ನಾವು ಎಂದಿಗೂ ಒಪ್ಪುವುದಿಲ್ಲ. ಬಾಲ್ಯದಲ್ಲಿಯೇ ಬಂದ ಮಧುಮೇಹದಲ್ಲಿ ಅದು ಪ್ರಾಣಕ್ಕೇ ಎರವಾಗುತ್ತದೆ. ಮಾತ್ರೆಯ ಜೊತೆಗೆ ಹಾಗಲಕಾಯಿಯ ರಸವನ್ನು ಲೋಟಗಟ್ಟಲೆ ಕುಡಿಯುವುದೂ ಸಲ್ಲದು, ಸಕ್ಕರೆ ಕುಸಿಯಬಹುದು. ಯಾವ ಪದ್ಧತಿಯ ಔಷಧವಾದರೂ ಇಬ್ಬರೂ ವೈದ್ಯರಿಗೆ ಅದು ತಿಳಿದಿರಲಿ. ಮೂತ್ರಪಿಂಡ ದುರ್ಬಲವಾದವರು ಕಾಳು, ಸೊಪ್ಪು, ಕಂದು ಅಕ್ಕಿಗಳನ್ನು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳತಕ್ಕದ್ದು.

ಉಪವಾಸ ಮತ್ತು ಪ್ರಸಾದ

ಶ್ರಾವಣ ಸೋಮವಾರ, ಶಿವರಾತ್ರಿಗಳಲ್ಲಿ ಹಗಲೆಲ್ಲ ನಿರಾಹಾರವಿದ್ದು ರಾತ್ರಿ ಸಾಬುದಾಣಿ ಖಿಚಡಿ ತಿನ್ನುವುದು ನಮ್ಮ ಭಾಗದ ರೂಢಿ. ಸಾಬುದಾಣಿಯು ಬಹುತೇಕ ಶುದ್ಧ ಪಿಷ್ಟವೇ. ಹಗಲು ಸಕ್ಕರೆ ಕುಸಿದು ರಾತ್ರಿ ಗಗನಕ್ಕೇರುತ್ತದೆ. ಇನ್ಸುಲಿನ್ ಮತ್ತು ಮೇಲೆ ಹೆಸರಿಸಿದ ಮಾತ್ರೆಗಳನ್ನು ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ವ್ರತ ಬಿಡಲಾಗದವರು ವರಿ ಅಕ್ಕಿಯ ಅನ್ನವನ್ನು ಅಳತೆಯಲ್ಲಿ, ಮಜ್ಜಿಗೆ, ಶೇಂಗಾ, ಸೌತೆಕಾಯಿಗಳೊಡನೆ ಸೇವಿಸಬಹುದು. ಲಿಂಗಪೂಜೆ ನಿತ್ಯವೂ ನಿರ್ವಿಘ್ನವಾಗಿ ಸಾಗಬೇಕಾದರೆ ದೇಹ ನೆಟ್ಟಗಿರಬೇಕಷ್ಟೆ.

ಮಠದ ದಾಸೋಹದಲ್ಲಿ ಕುಳಿತ ಮಧುಮೇಹಿಗಳಿಗೆ ಇನ್ನೊಂದು ಸಂಕಟ. ನಮ್ಮಲ್ಲಿ ಪ್ರಸಾದವು ಅಷ್ಟಾವರಣಗಳಲ್ಲಿ ಒಂದು. ಅದನ್ನು ತಾಟಿನಲ್ಲಿ ಬಿಡುವುದು ಅಪಚಾರವೆಂಬ ಭಾವನೆಯಿಂದ, ಬಡಿಸಿದ್ದನ್ನೆಲ್ಲ ಉಂಡು ಮನೆಗೆ ಹೋಗಿ ಮಾತ್ರೆ ಹೆಚ್ಚು ನುಂಗುವವರಿದ್ದಾರೆ. ಇದು ಅಪಾಯಕರ. ತಾಟಿನಲ್ಲಿ ಬಿಡಬಾರದೆಂದರೆ ತಾಟಿಗೆ ಬೀಳುವಾಗಲೇ ಎಚ್ಚರವಿರಬೇಕು. ಅನ್ನದ ಸರದಿ ಬಂದಾಗ ಕೈ ಅಡ್ಡ ಹಿಡಿದು ‘ಒಂದೇ ಸೌಟು ಸಾಕು, ಅಪ್ಪಾ’ ಎಂದು ಹೇಳಲು ಸಂಕೋಚ ಬೇಡ. ಗೋಧಿ ಹುಗ್ಗಿ ಬಡಿಸಿದ ದಿನ ಒಂದು ಚಮಚವನ್ನು ಪ್ರಸಾದವೆಂದು ಸ್ವೀಕರಿಸಿ, ಆ ಹೊತ್ತಿನ ಅನ್ನವನ್ನು ಬಿಡಬಹುದು. ಪ್ರಸಾದದ ಹಿರಿಮೆ ಅದರ ಮೊತ್ತದಲ್ಲಿಲ್ಲ.

ಬಡಿಸುವ ಬಂಧುಗಳಲ್ಲಿಯೂ ನಮ್ಮದೊಂದು ಬಿನ್ನಹ. ಸಾಕು ಎಂದವರಿಗೆ ಒತ್ತಾಯ ಮಾಡಬೇಡಿರಿ. ಪಲ್ಯ, ಕಾಳು, ಕೋಸಂಬರಿಗಳ ಪಾತ್ರೆಯನ್ನು ಎರಡನೆಯ ಸಲವೂ ಪಂಕ್ತಿಯಲ್ಲಿ ತನ್ನಿರಿ. ಮನೆಯಲ್ಲಿ ಅಡುಗೆ ಮಾಡುವವರು ಮಧುಮೇಹಿಗೆಂದು ಬೇರೆ ಅಡುಗೆ ಹೂಡುವ ಬದಲು ಮನೆಯವರೆಲ್ಲರಿಗೂ ಇದೇ ಕ್ರಮದ ಊಟ ಮಾಡಿರಿ. ಮಧುಮೇಹಿಯ ಮಕ್ಕಳಿಗೂ ಈ ರೋಗ ಬರುವ ಸಂಭವ ಹೆಚ್ಚಾದುದರಿಂದ ಈ ತಾಟು ಅವರಿಗೂ ಹಿತವೇ. ಈ ತಿಂಗಳು ಅಳತೆಯ ವಾಟಿಯೊಂದನ್ನು ಗೊತ್ತುಮಾಡಿಕೊಂಡು, ಊಟದ ಬಳಿಕ ಹತ್ತು ನಿಮಿಷ ನಡೆದು ನೋಡಿರಿ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಮುಂದಿನ ಸಲ ಮಾಡಿಸಿದಾಗ ಅದರ ಫಲ ನಿಮಗೇ ತಿಳಿದುಬರುವುದು.